ಎರಡು ಪೋಲೋ ನೋಡಿ ಒಂದನ್ನು ಟ್ರ್ಯಾಕಿಗೆ ಒಯ್ದೆ

ಪುಣೆಯಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿಗೆ ಹತ್ತಿರ ಹತ್ತಿರ 1200 ಕಿಲೋಮೀಟರ್. ಅಲ್ಲಿ ನಾನು ಜೋರಾಗಿ ಗಾಡಿ ಓಡಿಸುವುದು ಇಡೀ ದಿನಕ್ಕೆ ಒಂದು, ಒಂದೂಕಾಲು ಗಂಟೆ. ಆಮೇಲೆ ಅದೇ ಗಾಡಿಯಲ್ಲಿ 1200 ಕಿಲೋಮೀಟರ್ ವಾಪಸ್. ಮುಂದಿನ ದಿನ ಅದೇ ಗಾಡಿ ಪುಣೆಯ ಹಿಂಜವಡಿ ಟ್ರಾಫಿಕ್‌ನಲ್ಲಿ ನಿಂತಿರುತ್ತದೆ. ಗಾಡಿಯನ್ನು ಟ್ರಕ್ಕಿನ ಮೇಲೆ ಹೇರಿ ಕಳಿಸಿ ತಾವು ವಿಮಾನದಲ್ಲಿ ಹೋಗುವವರ ಕತೆ ಬೇರೆ. ನಮ್ಮ ಮನೆಗೆ ಇರುವುದು ಒಂದೇ ಗಾಡಿ.

ನನ್ನ ಊರು ಧಾರವಾಡ. ಕೆಲಸಕ್ಕೆ ಅಂತ ಬಂದು ಪಿಂಪ್ರಿ-ಚಿಂಚವಡದಲ್ಲೇ ಉಳಿದುಕೊಂಡೆ. ಫೋಕ್ಸ್‌ವ್ಯಾಗನ್‌ನ ಪೋಲೋ ಕಾರು ತಯಾರಾಗುತ್ತಿದ್ದ ಚಾಕಣ್ ಕಾರ್ಖಾನೆ ನಮ್ಮ ಮನೆಯಿಂದ ಅರ್ಧ ಮುಕ್ಕಾಲು ಗಂಟೆಯ ದಾರಿ. ಪೋಲೋ ಸ್ಪೋರ್ಟ್ಸ್ ಕಾರಾ ಅಂತ ನಗಬೇಡಿ. ನಿಜವಾದ ಸ್ಪೋರ್ಟ್ಸ್ ಪೋಲೋ ಅಂದರೆ 2016ರಲ್ಲಿ ಇಲ್ಲಿಗೆ ಬಂದ ಜಿಟಿಐ. ಮೂರು ಬಾಗಿಲು, 1.8 ಲೀಟರ್ ಎಂಜಿನ್, 192 ಪಿಎಸ್ (ಹಾರ್ಸ್‌ಪವರ್‌ನಂತೆ ಶಕ್ತಿಯ ಅಳತೆ), ಬೆಲೆ 25 ಲಕ್ಷದ ಮೇಲೆ. ಅದನ್ನು ನಾನು ಫೋಟೋದಲ್ಲಿ ನೋಡಿ ಖುಷಿಪಟ್ಟೆ, ಅಷ್ಟೇ. ನನ್ನ ಬಜೆಟ್ ಆರು ಲಕ್ಷ, ಸೆಕೆಂಡ್ ಹ್ಯಾಂಡ್. 2022ರಲ್ಲಿ ಪೋಲೋ ನಿಂತುಹೋಯಿತು, ಹಾಗಾಗಿ ಹೊಸದರ ಮಾತೇ ಇಲ್ಲ.

ಆ ದುಡ್ಡಿಗೆ ಎರಡು ಸಿಗುತ್ತಿದ್ದವು. ಒಂದು ಹಳೆಯ ಜಿಟಿ ಟಿಎಸ್ಐ: 1.2 ಲೀಟರ್, ನಾಲ್ಕು ಸಿಲಿಂಡರ್, 105 ಪಿಎಸ್, ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಇನ್ನೊಂದು 2020ರ ನಂತರದ 1.0 ಟಿಎಸ್ಐ: ಮೂರು ಸಿಲಿಂಡರ್, 110 ಪಿಎಸ್, ಆರು ಗೇರಿನ ಮ್ಯಾನುಯಲ್. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಎರಡಕ್ಕೂ 175 ಎನ್‌ಎಂ. ಹಿಂದಿನ ಚಕ್ರಕ್ಕೆ ಎರಡರಲ್ಲೂ ಡ್ರಮ್ ಬ್ರೇಕೇ. ಕಾಗದದ ಮೇಲೆ ಅಣ್ಣತಮ್ಮಂದಿರು, ಓಡಿಸಿದರೆ ಸಂಬಂಧವೇ ಇಲ್ಲ.

ಜಿಟಿ ನನಗೆ ಮೊದಲೇ ಪರಿಚಯ. ಆಫೀಸಿನ ಗೆಳೆಯನೊಬ್ಬನ ಹತ್ತಿರ ಅದಿದೆ. ಅವನ ಜೊತೆಗೇ ನಾನು ಮೊದಲ ಸಲ ಕರಿಗೆ ಹೋಗಿದ್ದು. ಕರಿ ಅಂದರೆ ಬಣ್ಣವಲ್ಲ, ಕರಿವರ್ಧನ್ ಎಂಬ ರೇಸರ್ ಹೆಸರು. ಮಾರುತಿ 800ರ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಗಾಡಿಗಳನ್ನು ಕಟ್ಟಿದ ಪುಣ್ಯಾತ್ಮ. 2.1 ಕಿಲೋಮೀಟರ್‌ನ ಪುಟ್ಟ ಟ್ರ್ಯಾಕ್. ಪುಟ್ಟದು ಅಂದರೆ ನಮ್ಮಂಥ ಸಣ್ಣ ಎಂಜಿನ್ನಿನವರಿಗೆ ಒಳ್ಳೆಯದೇ. ಒಂದು ತಿರುವು ಮುಗಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಗೆಳೆಯ ಟ್ರ್ಯಾಕಿನಲ್ಲಿ ತನ್ನ ಒಂದು ಸೆಷನ್, ಅಂದರೆ ಒಂದು ಸರದಿ, ನನಗೆ ಕೊಟ್ಟ. ಗೇರ್ ಲಿವರನ್ನು ಮ್ಯಾನುಯಲ್ ಕಡೆ ತಳ್ಳಿಟ್ಟೆ. ಸ್ಟೇರಿಂಗ್ ಹಿಂದೆ ಪ್ಯಾಡಲ್ ಇಲ್ಲ, ಲಿವರನ್ನೇ ಹಿಂದೆ ಮುಂದೆ ತಳ್ಳಬೇಕು. ಮೊದಲ ಎರಡು ಸುತ್ತು ಸ್ವರ್ಗ. ಜೋರಾಗಿ ಬ್ರೇಕ್ ಹಾಕುತ್ತಲೇ ಲಿವರ್ ತಟ್ಟಿದರೆ ಸಾಕು, ಗೇರು ಬೆಣ್ಣೆಯ ಹಾಗೆ ಇಳಿಯುತ್ತದೆ. ಮೂರನೇ ಸುತ್ತಿಗೆ ಒಂದು ಉದ್ದ ತಿರುವು ಬಂತು. ಎರಡನೇ ಗೇರಿನಲ್ಲೇ ಎಳೆದುಕೊಂಡು ಹೋಗೋಣ, ಎರಡು ಸೆಕೆಂಡ್ ಉಳಿದರೆ ಸಾಕು ಅಂದುಕೊಂಡೆ. ಎಂಜಿನ್ ವೇಗ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು, ಗಾಡಿ ತಾನೇ ಮೂರನೇ ಗೇರಿಗೆ ಹಾಕಿಕೊಂಡಿತು. ಮುಂದಿನ ಚಕ್ರದ ಎಳೆತ ತಟ್ಟನೆ ಸಡಿಲಾಯಿತು. ಗಾಡಿಯ ಮೂಗು ನಾನು ತೋರಿಸಿದ ಕಡೆ ಬಿಟ್ಟು ಬೇರೆಲ್ಲೋ ನೋಡತೊಡಗಿತು. ಅಪಾಯ ಏನೂ ಆಗಲಿಲ್ಲ, ಟೈರು ಕಿರುಚಿತು, ಅಷ್ಟೇ. ಆದರೆ ಸಿಟ್ಟು ಬಂತು. ಅದು ದೋಷ ಅಲ್ಲ, ಎಂಜಿನ್ ಕಾಯಲಿಕ್ಕೆ ಅಂತಲೇ ಹಾಗೆ ಮಾಡಿದ್ದಾರೆ. ಆದರೂ ಮ್ಯಾನುಯಲ್ ಅಂತ ಬರೆದುಕೊಂಡಿದ್ದೀಯಲ್ಲ ಮಾರಾಯ, ನನ್ನನ್ನು ಒಂದು ಮಾತು ಕೇಳಬೇಕಲ್ವಾ?

ಇಲ್ಲಿ ಇನ್ನೊಂದು ಮಾತು. ಡಿಎಸ್‌ಜಿ ಟ್ರ್ಯಾಕಿಗೆ ಹೋದರೆ ಸುಟ್ಟುಹೋಗುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ಈ ಏಳು ಗೇರಿನದರಲ್ಲಿ ಇರುವುದು ಒಣ ಕ್ಲಚ್, ಅದಕ್ಕೆ ತಂಪು ಮಾಡಲು ಆಯಿಲ್ ಇಲ್ಲ, ಅದು ನಿಜ. ಆದರೆ ಕ್ಲಚ್ ಬಿಸಿಯಾಗುವುದು ಉಜ್ಜಿದಾಗ. ಟ್ರ್ಯಾಕಿನಲ್ಲಿ ಗೇರ್ ಬಿದ್ದ ಕೂಡಲೇ ಕ್ಲಚ್ ಪೂರ್ತಿ ಹಿಡಿದುಕೊಳ್ಳುತ್ತದೆ. ಉಜ್ಜುವುದು ಎಲ್ಲಿ? ಹಿಂಜವಡಿಯಲ್ಲಿ. ಸಂಜೆ ಆರಕ್ಕೆ ಬ್ರೇಕ್ ಬಿಡು, ಎರಡಡಿ ತೆವಳು, ಮತ್ತೆ ಬ್ರೇಕ್. ಡಿಎಸ್‌ಜಿಗೆ ಶತ್ರು ಟ್ರ್ಯಾಕ್ ಅಲ್ಲ, ನನ್ನ ಆಫೀಸ್ ದಾರಿ. ವರ್ಷದಲ್ಲಿ ಎರಡು ದಿನ ಟ್ರ್ಯಾಕ್, ಇನ್ನೂರೈವತ್ತು ದಿನ ಆಫೀಸ್. ಲೆಕ್ಕ ಅಲ್ಲೇ ತಿರುಗಿತು.

ಹಾಗಂತ ಮ್ಯಾನುಯಲ್ ಕಡೆ ಎಲ್ಲವೂ ಸರಿ ಇತ್ತು ಅಂತಲ್ಲ. ಜಿಟಿಯಲ್ಲಿ ಇಎಸ್‌ಪಿ ಇದೆ. ಗಾಡಿ ಜಾರತೊಡಗಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ನಾನು ನೋಡಿದ 1.0 ಹೈಲೈನ್ ಪ್ಲಸ್‌ನಲ್ಲಿ ಅದಿಲ್ಲ. ಟ್ರ್ಯಾಕ್ ಬಿಡಿ, ಮಳೆಗಾಲದಲ್ಲಿ ಖಂಬಾಟ್ಕಿ ಘಾಟ್ ಇಳಿಯುವಾಗ ಅದು ಬೇಕು. ಎರಡನೇ ತಕರಾರು ಹೆಂಡತಿಯದು. "ಆಟೋಮ್ಯಾಟಿಕ್ ತಗೊಂಡ್ರ ನಾನೂ ಓಡಸ್ತೀನ್ರಿ. ಆ ಕ್ಲಚ್ ತುಳ್ಕೋತ ವಾಕಡದಾಗ ನಿಲ್ಲಾಕ ನನ್ನಿಂದ ಆಗೂದಿಲ್ಲ" ಅಂದಳು. ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವಳು ಸ್ಕೂಟಿಯಲ್ಲೇ ಓಡಾಡುತ್ತಾಳೆ. ಈ ಆಯ್ಕೆಯ ನಿಜವಾದ ಬೆಲೆ ಅದೇ.

ಕೊನೆಗೆ ತೂಕ ಬಿದ್ದಿದ್ದು ದುಡ್ಡಿನ ಕಡೆಗೆ. 2021ರ ಒಂದು ಮ್ಯಾನುಯಲ್ ನನ್ನ ಬಜೆಟ್ಟಿನ ಒಳಗೇ ಸಿಕ್ಕಿತು. ಜಿಟಿಯಾದರೆ ಗೇರ್‌ಬಾಕ್ಸ್‌ಗೆ ಅಂತ ಒಂದಿಷ್ಟು ಪಕ್ಕಕ್ಕೆ ಎತ್ತಿಡಬೇಕು ಅಂತ ನನ್ನ ಲೆಕ್ಕ. ಮ್ಯಾನುಯಲ್‌ನಲ್ಲಿ ಅದೇ ದುಡ್ಡು ಟೈರು, ಬ್ರೇಕಿಗೆ ಹೋಗುತ್ತದೆ. ಭೋಸರಿಯಲ್ಲಿ ವಿಜಯಪುರದ ಕಡೆಯ ಒಬ್ಬ ಮೆಕ್ಯಾನಿಕ್ ಇದ್ದಾನೆ. ಗಾಡಿ ಎತ್ತಿ, ಕೆಳಗೆಲ್ಲ ಟಾರ್ಚ್ ಬಿಟ್ಟು ನೋಡಿದ. ಬ್ರೇಕ್ ಡಿಸ್ಕಿನ ಅಂಚಿಗೆ ಉಗುರು ಎಳೆದು ಎಷ್ಟು ಸವೆದಿದೆ ಅಂತ ತೋರಿಸಿದ. ಟ್ರ್ಯಾಕ್ ವಿಷಯ ಹೇಳಿದೆ. "ಸಾಹೇಬ್ರ, ಗಾಡಿ ಓಡಸಾಕ ತಗೋಳಾಕತ್ತೀರೋ, ಸುಡಾಕ ತಗೋಳಾಕತ್ತೀರೋ?" ಅಂದ. ಬ್ರೇಕ್ ಆಯಿಲ್ ಬದಲಿಸಿಕೊಂಡು ಹೋಗ್ರಿ ಅಂತಲೂ ಅಂದ. ನಾನು ಪ್ಯಾಡ್ ಮಾತ್ರ ಬದಲಿಸಿದೆ. ಆಯಿಲ್ ನೋಡಲು ಚೆನ್ನಾಗೇ ಇತ್ತು.

ಇನ್ಶೂರೆನ್ಸ್ ವಿಷಯ ಚಿಕ್ಕದು. ನಿಮ್ಮ ಪಾಲಿಸಿ ತೆಗೆದು ಗಾಡಿ ಯಾವುದಕ್ಕೆ ಬಳಸಬಹುದು ಎಂಬ ಸಾಲು ಓದಿ. ರೇಸ್, ಸ್ಪೀಡ್ ಟೆಸ್ಟಿಂಗ್ ಇವಕ್ಕೆ ಇಲ್ಲ ಅಂತ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ಬಡಿದರೆ ಖರ್ಚು ನಿಮ್ಮದೇ. ಅದನ್ನು ಒಪ್ಪಿಕೊಂಡೇ ಗೇಟಿನೊಳಗೆ ಹೋಗಬೇಕು.

ಹೊರಟಿದ್ದು ಗುರುವಾರ. ರಾತ್ರಿ ಧಾರವಾಡದಲ್ಲಿ ಅವ್ವನ ಕೈ ರೊಟ್ಟಿ, ಮರುದಿನ ಬೆಂಗಳೂರು ದಾಟಿ ಸೇಲಂ ಮೇಲೆ ಕೊಯಮತ್ತೂರು. ಹೈವೇಯಲ್ಲಿ ಆರನೇ ಗೇರಿನಲ್ಲಿ ಈ ಮೂರು ಸಿಲಿಂಡರ್ ಎಂಜಿನ್ ಎಷ್ಟು ಸಮಾಧಾನದ್ದು ಅಂದರೆ ಟ್ರ್ಯಾಕ್ ನೆನಪೇ ಆಗುವುದಿಲ್ಲ. ಶನಿವಾರ ಬೆಳಿಗ್ಗೆ ಸ್ಟೆಪ್ನಿ, ಜಾಕು, ಕಾಲಡಿಯ ಮ್ಯಾಟು ಎಲ್ಲ ಹೊರಗೆ ತೆಗೆದಿಟ್ಟೆ. ಹೆಲ್ಮೆಟ್ ಹಾಕಿದೆ.

ಎರಡನೇ ಸೆಷನ್‌ನ ನಾಲ್ಕನೇ ಸುತ್ತು. ನೇರ ದಾರಿಯ ಕೊನೆಯಲ್ಲಿ ಬ್ರೇಕ್ ತುಳಿದೆ. ಪೆಡಲ್ ಮೆತ್ತಗೆ, ಹಸಿ ಸ್ಪಂಜು ತುಳಿದ ಹಾಗೆ ಒಳಗೆ ಹೋಯಿತು. ಬಿಟ್ಟು ಮತ್ತೆ ತುಳಿದೆ. ಎರಡು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ಮೂರನೇ ಗೇರಿನಿಂದ ಎರಡಕ್ಕೆ ಎಳೆದು, ತಿರುವನ್ನು ಅಗಲವಾಗಿ ತೆಗೆದುಕೊಂಡು ಹೇಗೋ ಒಳಗೇ ಉಳಿದೆ. ಕೈ ನಡುಗುತ್ತಿತ್ತು. ಒಂದು ಸುತ್ತು ನಿಧಾನಕ್ಕೆ ಗಾಳಿ ಕುಡಿಸಿ ಒಳಗೆ ಬಂದೆ.

ತಪ್ಪು ಪೂರ್ತಿ ನನ್ನದು. ಬ್ರೇಕ್ ಆಯಿಲ್ ಗಾಳಿಯಿಂದ ನೀರಿನಂಶ ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಿಂದಿನ ಮಾಲೀಕನ ಕಾಲದ ಆಯಿಲ್, ಅದರ ಮೇಲೆ ಪುಣೆಯ ಮಳೆಗಾಲ. ಕುದ್ದು ಗುಳ್ಳೆ ಎದ್ದಿದೆ. ನಾನು ತುಳಿದಿದ್ದು ಬ್ರೇಕನ್ನಲ್ಲ, ಆ ಗುಳ್ಳೆಗಳನ್ನು. ಮಧ್ಯಾಹ್ನ ಪಕ್ಕದ ತಂಡದವರ ಹತ್ತಿರ ಒಂದು ಡಬ್ಬಿ ಹೊಸ ಆಯಿಲ್ ಬೇಡಿ, ನಾಲ್ಕೂ ಚಕ್ರದಿಂದ ಹಳೆಯದನ್ನು ಇಳಿಸಿದೆವು. ಬಂದದ್ದು ಗಟ್ಟಿ ಚಹಾದ ಬಣ್ಣದ್ದು. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಾತ್ರ ಚೆನ್ನಾಗಿ ಕಂಡಿತ್ತು.

ಹಾಗೆಯೇ ಹ್ಯಾಂಡ್‌ಬ್ರೇಕ್. ಸೆಷನ್ ಮುಗಿದ ಕೂಡಲೇ ಅಭ್ಯಾಸಬಲದಿಂದ ಎಳೆಯಬೇಡಿ. ಬಿಸಿಯಾಗಿ ಹಿಗ್ಗಿದ ಡ್ರಮ್ ಆರುವಾಗ ಕುಗ್ಗಿ ಒಳಗಿನ ಶೂ ಕಚ್ಚಿ ಹಿಡಿಯುತ್ತದೆ. ನಾನು ಮೊದಲ ಗೇರಿನಲ್ಲಿಟ್ಟು ಚಕ್ರಕ್ಕೆ ಒಂದು ಇಟ್ಟಿಗೆ ಕೊಡುತ್ತೇನೆ. ಗೆಳೆಯ ಜಿಟಿಯನ್ನು ಸುಮ್ನೆ ಪಿಗೆ (ಪಾರ್ಕಿಂಗ್‌ಗೆ) ಹಾಕಿ ಚಹಾ ಕುಡಿಯಲು ಹೋಗುತ್ತಾನೆ.

ಸಂಜೆಯ ಸೆಷನ್‌ನಲ್ಲಿ ಇಎಸ್‌ಪಿ ಇಲ್ಲದ್ದೂ ಅನುಭವಕ್ಕೆ ಬಂತು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ತಟ್ಟನೆ ಬಿಟ್ಟೆ. ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ಹೊರಕ್ಕೆ ಬೀಸಿತು. ಸ್ಟೇರಿಂಗ್ ಎದುರು ತಿರುಗಿಸಿ, ಕಾಲನ್ನು ಮೆಲ್ಲಗೆ ಮತ್ತೆ ಒತ್ತಿದೆ, ನೇರವಾಯಿತು. ಅದೇ ತಿರುವಿನಲ್ಲಿ ಆಮೇಲೆ ಬೇಕಂತಲೇ ಸ್ವಲ್ಪ ಸ್ವಲ್ಪ ಕಾಲು ಸಡಿಲಿಸಿ ನೋಡಿದೆ. ಎಷ್ಟು ಬಿಟ್ಟರೆ ಎಷ್ಟು ತಿರುಗುತ್ತದೆ ಅಂತ ಸೊಂಟಕ್ಕೇ ಗೊತ್ತಾಗತೊಡಗಿತು. ಜಿಟಿಯಲ್ಲಿ ಇದು ನನಗೆ ತಿಳಿಯುತ್ತಲೇ ಇರಲಿಲ್ಲ ಅನ್ನಿಸುತ್ತದೆ. ತಿಳಿಯುವ ಮೊದಲೇ ಅದು ಸರಿಮಾಡಿಬಿಡುತ್ತಿತ್ತು.

ಆ ದಿನ ಜಿಟಿ ತಂದಿದ್ದ ಗೆಳೆಯನೇ ನನಗಿಂತ ಸುತ್ತಿಗೆ ಎರಡು ಸೆಕೆಂಡ್ ಬೇಗ. 5 ಪಿಎಸ್ ಕಡಿಮೆ ಇಟ್ಟುಕೊಂಡು! ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುವುದು ನನಗೆ ಹತ್ತರಲ್ಲಿ ಆರು ಸಲ ಬರುತ್ತದೆ. ಅವನ ಗಾಡಿಗೆ ಹತ್ತಕ್ಕೆ ಹತ್ತು ಬರುತ್ತದೆ. ಮುಂದಿನ ಸಲ ಒಂದು ಸೆಷನ್ ಗಾಡಿ ಅದಲುಬದಲು ಮಾಡೋಣ ಅಂತ ಮಾತಾಗಿದೆ. ಬ್ರೇಕ್ ಆಯಿಲ್ ಖರ್ಚು ಅವನದು, ಇಟ್ಟಿಗೆ ನನ್ನದು.