ರೇಷ್ಮೆ ಹುಳ ಮೇಯಿಸೋ ಮನೇಲಿ ನಾಯಿ ಉಣ್ಣೆ ಕಾಟ ತಪ್ಪಿಸಿದ್ದು: ನನ್ನ ಅನುಭವ

ನಮ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಸೀಮೆ ಹಸು, ಮತ್ತೆ ಕೆಂಚ. ಕೆಂಚ ಅಂದ್ರೆ ನಮ್ಮ ನಾಯಿ, ಊರು ನಾಯಿನೇ, ನಾಲ್ಕು ವರ್ಷದ ಹಿಂದೆ ಮರಿಯಾಗಿ ಬಂದು ಜಗಲಿ ಮೇಲೆ ಮಲಗಿದ್ದು ಆಮೇಲೆ ಹೋಗ್ಲೇ ಇಲ್ಲ. ನಾಯಿಗೆ ಉಣ್ಣೆ ಹತ್ತಿದೆ ಅಂದ್ರೆ ಎಲ್ರೂ ಮನೆ ಸುತ್ತ ಔಷಧಿ ಹೊಡೀರಿ ಅಂತಾರೆ, ಹುಳ ಮೇಯಿಸೋರ ಮನೇಲಿ ಅದು ಆಗಲ್ಲ, ಅದಕ್ಕೆ ಬೇರೆ ದಾರಿ ಏನು ಅಂತ ನಮಗೆ ಗೊತ್ತಾಗೋಕೆ ಒಂದು ಬೆಳೆ ಹೋಗಿ ನಾಯಿ ಸಾಯೋ ಹಾಗಾಗಬೇಕಾಯ್ತು. ನಮ್ಮ ಕಡೆ ಇನ್ನೊಬ್ಬರಿಗೆ ಹಂಗಾಗಬಾರ್ದು ಅಂತ ಬರೀತಿದೀನಿ.

ಹೋದ ವರ್ಷ ಯುಗಾದಿ ಕಳೆದು ಬಿಸಿಲು ಏರ್ತಾ ಇದ್ದಂಗೆ ಕೆಂಚನ ಮೈಮೇಲೆ ಉಣ್ಣೆ ಜಾಸ್ತಿ ಆಯ್ತು. ಕಿವಿ ಒಳಗೆ, ಕಾಲ್ಬೆರಳ ಸಂದಿ, ಕತ್ತಿನ ಕೆಳಗೆ, ಬಾಲದ ಬುಡ, ಎಲ್ಲಿ ಕೈ ಇಟ್ರೂ ಗಂಟು ಗಂಟು, ಕೆಲವಂತೂ ರಕ್ತ ಕುಡಿದು ಹರಳು ಬೀಜದಷ್ಟು ಊದಿ ಬೂದಿ ಬಣ್ಣಕ್ಕೆ ತಿರುಗಿದ್ವು. ನಮ್ಮೆಜಮಾನ್ರು ಇದು ಹಸುವಿಂದ ಹತ್ತಿರೋದು ಅಂದ್ಕೊಂಡು ದನಕ್ಕೆ ಹಾಕೋ ಡೆಲ್ಟಾಮೆಥ್ರಿನ್ ಅನ್ನೋ ಉಣ್ಣೆ ಔಷಧಿ ತಂದು ನೀರಿಗೆ ಕಲಸಿ ಹಸುಗೂ ನಾಯಿಗೂ ಕೊಟ್ಟಿಗೆ ಗೋಡೆಗೂ ಎಲ್ಲಾ ಕಡೆ ಹೊಡೆದ್ರು. ಕೊಟ್ಟಿಗೆಯಿಂದ ಹುಳದ ಮನೆಗೆ ಹತ್ತು ಹೆಜ್ಜೆ ಅಷ್ಟೇ. ಒಳಗೆ 150 ಮೊಟ್ಟೆ ಹುಳ (ಒಂದು ಚಿಟ್ಟೆ ಇಟ್ಟ ಮೊಟ್ಟೆ ಗುಂಪನ್ನೇ ನಾವು ಒಂದು ಮೊಟ್ಟೆ ಅನ್ನೋದು), ನಾಲ್ಕನೇ ಜ್ವರ, ಅಂದ್ರೆ ಪೊರೆ ಬಿಡೋ ನಿದ್ದೆ, ಎದ್ದು ಮೂರು ದಿನ ಆಗಿತ್ತು, ಸೊಪ್ಪು ಹಾಕಿದಷ್ಟೂ ತಿನ್ನೋ ಟೈಮು. ಸಾಯಂಕಾಲ ಸೊಪ್ಪು ಹಾಕೋಕೆ ಹೋದ್ರೆ ಕಿಟಕಿ ಕಡೆಯ ಹುಳಗಳು ತಲೆ ಎತ್ತಿ ಅತ್ಲಾಗೆ ಇತ್ಲಾಗೆ ಆಡಿಸ್ತಾ, ಬಾಯಿಂದ ಹಸಿರು ನೀರು ಕಕ್ತಾ ಒದ್ದಾಡ್ತಿದ್ವು. ಬೆಳಗಾಗೋ ಹೊತ್ತಿಗೆ ಆ ಸಾಲು ಪೂರ್ತಿ ಕುಗ್ಗಿ ಹೋಗಿತ್ತು, ಉಳಿದಿದ್ದರಲ್ಲೂ ಗೂಡು ಕಟ್ಟಿದ್ದು ಕಮ್ಮಿ. ರೇಷ್ಮೆ ಹುಳನೂ ಹುಳನೇ ಅಲ್ವಾ, ಉಣ್ಣೆ ಸಾಯಿಸೋ ಔಷಧಿ ಅದನ್ನ ಬಿಡುತ್ತಾ. ಇಷ್ಟೆಲ್ಲಾ ಆದ್ಮೇಲೂ ಹನ್ನೆರಡು ದಿನಕ್ಕೆ ಕೆಂಚನ ಕಿವೀಲಿ ಮತ್ತೆ ಉಣ್ಣೆ.

ಅದಾಗಿ ಒಂದು ತಿಂಗಳಿಗೆ ಕೆಂಚ ಊಟ ಬಿಟ್ಟ. ಸಾರಿನ ಮುದ್ದೆ ಇಟ್ರೂ ಮೂಸಿ ನೋಡಿ ತಲೆ ತಿರುಗಿಸ್ತಿದ್ದ, ಮೈ ಸುಡ್ತಿತ್ತು, ವಸಡು ಬೆಳ್ಳಗಾಗಿತ್ತು. ಮೂರನೇ ದಿನ ಮೂಗಿಂದ ರಕ್ತ ಸುರಿಯೋಕೆ ಶುರುವಾಯ್ತು. ನಾನು ಯಾರೋ ಕಲ್ಲಲ್ಲಿ ಹೊಡೆದಿರ್ಬೇಕು ಅಂದ್ಕೊಂಡಿದ್ದೆ. ಬೈಕಲ್ಲಿ ಮಧ್ಯೆ ಕೂರಿಸ್ಕೊಂಡು ಪಶು ಆಸ್ಪತ್ರೆಗೆ ಹೋದ್ರೆ ಡಾಕ್ಟ್ರು ವಸಡು ನೋಡಿದ ತಕ್ಷಣ ಉಣ್ಣೆ ಇದ್ಯಾ ಅಂತಾನೇ ಕೇಳಿದ್ರು. ರಕ್ತ ತೆಗೆದು ಟೆಸ್ಟ್ ಮಾಡ್ಸಿದ್ರೆ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್ಲೆಟ್ ಕಣ ತುಂಬಾ ಇಳಿದು 42 ಸಾವಿರ, ಎರ್ಲಿಕಿಯಾ ಅಂತ ಬಂತು, ಎಲ್ರೂ ಟಿಕ್ ಫೀವರ್ ಅಂತಾರಲ್ಲ ಅದು. ಉಣ್ಣೆ ಕಚ್ಚಿದಾಗ ಎಂಜಲಲ್ಲಿ ಒಳಗೆ ಹೋಗೋ ಬ್ಯಾಕ್ಟೀರಿಯಾ, ಬಿಳಿ ರಕ್ತಕಣದೊಳಗೆ ಕೂರುತ್ತಂತೆ. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ, ಒಂದು ದಿನಾನೂ ಬಿಡದೆ, ಹೊಟ್ಟೆಗೆ ಏನಾದ್ರೂ ಹಾಕಿ ಆಮೇಲೆ ಕೊಡ್ಬೇಕು, ಇಲ್ಲಾಂದ್ರೆ ವಾಂತಿ ಮಾಡ್ಕೊಳ್ತಾವೆ. ನಾಲ್ಕನೇ ದಿನಕ್ಕೇ ಎದ್ದು ಬಾಲ ಅಲ್ಲಾಡಿಸಿದ, ಅಲ್ಲಿಗೆ ನಿಲ್ಲಿಸಿಬಿಡೋರು ತುಂಬಾ ಜನ ಇದಾರೆ ದಯವಿಟ್ಟು ನಿಲ್ಲಿಸ್ಬೇಡಿ, ಹುಷಾರಾದಂಗೆ ಕಂಡು ರೋಗ ಒಳಗೇ ಉಳ್ಕೊಂಡು ತಿಂಗಳು ವರ್ಷ ಆದ್ಮೇಲೆ ಮತ್ತೆ ಬರುತ್ತೆ, ಆವಾಗ ಉಳಿಸೋದು ಕಷ್ಟ.

ಆವತ್ತು ಡಾಕ್ಟ್ರು ಹೇಳಿದ ಒಂದು ಮಾತೇ ನಮ್ಮ ಕಣ್ಣು ತೆರೆಸಿದ್ದು. ಹಸು ಉಣ್ಣೆನೇ ಬೇರೆ ನಾಯಿ ಉಣ್ಣೆನೇ ಬೇರೆ. ಹಸುಗೆ ಸಾಮಾನ್ಯವಾಗಿ ಹತ್ತೋದು ಮರಿಯಿಂದ ದೊಡ್ಡದಾಗೋವರೆಗೂ ಒಂದೇ ಹಸು ಮೇಲೆ ಇರುತ್ತೆ. ನಾಯಿದು, ಆ ಕಂದು ಬಣ್ಣದ್ದು, ಮೂರು ಸಲ ಹತ್ತುತ್ತೆ ಮೂರು ಸಲ ಉದುರುತ್ತೆ. ಮೊಟ್ಟೆಯಿಂದ ಬಂದ ಆರು ಕಾಲಿನ ಮರಿ ನಾಯಿ ಹತ್ತಿ ರಕ್ತ ಕುಡಿದು ಕೆಳಗೆ ಬಿದ್ದು ಗೋಡೆ ಸಂದಿ ಸೇರುತ್ತೆ, ಅಲ್ಲಿ ಪೊರೆ ಬಿಟ್ಟು ಎಂಟು ಕಾಲಾಗಿ ಮತ್ತೆ ಹತ್ತುತ್ತೆ, ಮತ್ತೆ ಇಳಿಯುತ್ತೆ, ಕೊನೇಲಿ ಹೆಣ್ಣು ಹೊಟ್ಟೆ ತುಂಬಿಸ್ಕೊಂಡು ಇಳಿದು ಸಂದೀಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತೆ. ಹೊಟ್ಟೆಗೆ ಏನೂ ಇಲ್ದೆ ತಿಂಗಳುಗಟ್ಟಲೆ ಗೋಡೇಲಿ ಕಾಯೋ ಪ್ರಾಣಿ ಅದು. ಅಂದ್ರೆ ನಾಯಿ ಮೈಮೇಲೆ ನಮಗೆ ಕಾಣ್ತಿದ್ದಿದ್ದು ಸ್ವಲ್ಪ, ಉಳಿದಿದ್ದೆಲ್ಲಾ ನಮ್ಮ ಕಲ್ಲು ಚಪ್ಪಡಿ ಕಾಂಪೌಂಡಲ್ಲಿ, ಜಗಲಿ ಬಿರುಕಲ್ಲಿ, ಕೆಂಚ ಮಲಗೋ ಗೋಣಿಚೀಲದ ಮಡಿಕೇಲಿ. ಮನೆಗೆ ಬಂದು ಟಾರ್ಚ್ ಬಿಟ್ಟು ನೋಡಿದ್ರೆ ಸೂರಿನ ತೊಲೆವರೆಗೂ ಹತ್ತಿದ್ವು, ಅವು ಮೇಲಕ್ಕೆ ಹತ್ತೋ ಜಾತಿ ಅಂತ ಆಮೇಲೆ ಗೊತ್ತಾಯ್ತು.

ಹಂಗಾಗಿ ನಾಯಿಗೂ ಗೋಡೆಗೂ ಒಟ್ಟಿಗೆ ಮಾಡ್ಬೇಕು, ಹುಳಕ್ಕೆ ತೊಂದ್ರೆ ಆಗ್ಬಾರ್ದು. ನಾಯಿಗೆ ಬೆನ್ನಿಗೆ ಬಿಡೋ ಡ್ರಾಪ್ಸ್, ಕತ್ತಿಗೆ ಕಟ್ಟೋ ಬೆಲ್ಟ್ ಎಲ್ಲಾ ಇವೆ, ಚೆನ್ನಾಗೇ ಕೆಲಸ ಮಾಡ್ತಾವೆ, ಆದ್ರೆ ಅವುಗಳ ಔಷಧಿ ಕೂದಲ ಮೇಲೆ ಇರುತ್ತೆ, ನಾನು ಕೆಂಚನ್ನ ಮುಟ್ಟಿದ ಕೈಯಲ್ಲೇ ಸೊಪ್ಪು ಕೊಯ್ಯೋದು, ಸೊಪ್ಪು ಹಾಕೋದು. ಇದನ್ನ ಬಿಡಿಸಿ ಹೇಳಿದ್ಮೇಲೆ ಡಾಕ್ಟ್ರು ಬಾಯಿಗೆ ಕೊಡೋ ಮಾತ್ರೆನೇ ಸರಿ ಅಂದ್ರು. ಫ್ಲುರಾಲನರ್, ಬ್ರಾವೆಕ್ಟೊ ಅಂತ ಬರುತ್ತೆ, ಒಂದು ಮಾತ್ರೆ 12 ವಾರ. ತಿಂಗಳಿಗೊಂದು ಕೊಡೋ ನೆಕ್ಸ್‌ಗಾರ್ಡ್ ಥರದ್ದೂ ಇದೆ, ಬೆಳೆ ಕೆಲಸದಲ್ಲಿ ಮರೆತುಹೋಗುತ್ತೆ ಅಂತ ನಾವು ಮೂರು ತಿಂಗಳದ್ದೇ ತಗೊಂಡ್ವಿ. ತೂಕ ಸರಿಯಾಗಿ ಗೊತ್ತಿರ್ಬೇಕು, ಗೂಡು ತೂಗೋ ಮಷೀನ್ ಮೇಲೆ ನಾನು ಕೆಂಚನ್ನ ಎತ್ಕೊಂಡು ನಿಂತು ಆಮೇಲೆ ನನ್ನ ತೂಕ ಕಳೆದೆ, 18 ಕೆಜಿ, 10ರಿಂದ 20 ಕೆಜಿದು ಕೊಟ್ರು. ದುಬಾರಿನೇ, ಆದ್ರೆ ಹೋದ ಬೆಳೆ ಲೆಕ್ಕ ಹಾಕಿದ್ರೆ ಇದು ಏನೂ ಅಲ್ಲ. ಊಟದ ಜೊತೆಗೇ ಕೊಡ್ಬೇಕು. ನಿಮ್ಮ ನಾಯಿಗೆ ಮೊದಲೇ ಫಿಟ್ಸ್ ಇದ್ರೆ ಡಾಕ್ಟ್ರಿಗೆ ಹೇಳ್ಲೇಬೇಕು, ಈ ಜಾತಿ ಮಾತ್ರೆಗಳಿಂದ ಕೆಲವು ನಾಯಿಗೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಸಣ್ಣ ಮರಿಗೂ ಕೇಳ್ದೆ ಕೊಡ್ಬೇಡಿ. ಇನ್ನೊಂದು, ಉಣ್ಣೆ ಕಚ್ಚಿ ರಕ್ತ ಕುಡಿದ್ರೇನೇ ಸಾಯೋದು, ಅದಕ್ಕೆ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಕಾಣ್ತಾವೆ, ಮಾತ್ರೆ ಕೆಲಸ ಮಾಡ್ಲಿಲ್ಲ ಅಂತ ಅಂದ್ಕೋಬೇಡಿ, ಗೋಡೇಲಿರೋದು ಒಂದೊಂದೇ ಬಂದು ಹತ್ತಿ ಸಾಯ್ತಿರ್ತಾವೆ.

ಗೋಡೆಗೆ ಬೆಂಕಿ. ಬೆಳೆ ಮುಗಿದ ಮೇಲೆ ಹುಳದ ಮನೆ ಶುದ್ಧ ಮಾಡೋಕೆ ನಾವು ಫ್ಲೇಮ್ ಗನ್ ಬಳಸ್ತೀವಲ್ಲ, ಅದನ್ನೇ ತಗೊಂಡು ಚಪ್ಪಡಿ ಸಂದಿ, ಜಗಲಿ ಕಲ್ಲಿನ ಬಿರುಕು, ಕೊಟ್ಟಿಗೆ ಮೂಲೆ ಎಲ್ಲಾ ನಿಧಾನವಾಗಿ ಸುಟ್ವಿ, ಚಟಪಟ ಅಂತ ಸದ್ದು ಬರ್ತಿತ್ತು. ಹಸುಗಳನ್ನ ತೋಟದಲ್ಲಿ ಕಟ್ಟಿ, ರಾಗಿ ಹುಲ್ಲೆಲ್ಲಾ ದೂರ ಸಾಗಿಸಿ, ಎರಡು ಬಿಂದಿಗೆ ನೀರು ಪಕ್ಕದಲ್ಲಿ ಇಟ್ಕೊಂಡೇ ಶುರು ಮಾಡಿದ್ದು. ಒಂದೇ ಕಡೆ ಜಾಸ್ತಿ ಹೊತ್ತು ಹಿಡಿದ್ರೆ ಕಲ್ಲು ಸಿಡಿಯುತ್ತೆ, ಕಣ್ಣಿಗೆ ಹುಷಾರು. ತೊಲೆ, ಬಾಗಿಲು ಇರೋ ಕಡೆ ಬೆಂಕಿ ಬೇಡ, ಅಲ್ಲಿ ಹಳೇ ಬ್ರಷ್ ಹಾಕಿ ಕೆರೆದು ಕುದಿಯೋ ನೀರಲ್ಲಿ ಹಾಕಿದ್ವಿ. ಆಮೇಲೆ ದೊಡ್ಡ ಬಿರುಕಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿದ್ವಿ. ಗೋಣಿಚೀಲ ಸುಟ್ಟುಹಾಕಿ ಕೆಂಚನಿಗೆ ಹಳೇ ಸೀರೆ ಮಡಚಿ ಕೊಟ್ಟಿದೀನಿ, ವಾರಕ್ಕೊಂದ್ಸಲ ಬಿಸಿನೀರಲ್ಲಿ ಅದ್ದಿ ಒಗೆಯೋದು. ಒಂದ್ಸಲ ಸುಟ್ರೆ ಮುಗಿಯಲ್ಲ, ಒಳಗೆ ಉಳಿದ ಮೊಟ್ಟೆ ಮತ್ತೆ ಒಡೆಯುತ್ತೆ, ಅದಕ್ಕೆ ಪ್ರತಿ ಬೆಳೆ ಮಧ್ಯದ ಬಿಡುವಲ್ಲಿ ಮಾಡಿದ್ವಿ, ಒಟ್ಟು ನಾಲ್ಕು ಸಲ.

ಬೀದೀಲಿ ಇನ್ನೆರಡು ನಾಯಿ ಇವೆ, ಮಧ್ಯಾಹ್ನ ನಮ್ಮ ಜಗಲಿ ನೆರಳಿಗೇ ಬರೋದು. ಅವನ್ನ ಓಡಿಸೋಕೆ ಮನಸ್ಸು ಬರ್ಲಿಲ್ಲ, ಪಕ್ಕದ ಮನೆ ಅಕ್ಕನೂ ನಾನೂ ಅರ್ಧರ್ಧ ದುಡ್ಡು ಹಾಕಿ ಅವಕ್ಕೂ ಮಾತ್ರೆ ಹಾಕಿಸಿದ್ವಿ.

ಈಗ ಮನುಷ್ಯರ ವಿಷಯ. ಜೂನಲ್ಲಿ ನಮ್ಮತ್ತೆ ಸೊಂಟದ ಹತ್ರ, ಸೀರೆ ಗಂಟಿನ ಕೆಳಗೆ, ಒಂದು ಉಣ್ಣೆ ಕಚ್ಕೊಂಡಿತ್ತು. ಅವರು ಸೀಮೆಎಣ್ಣೆ ಹಚ್ಚು ಅಂದ್ರು, ನಾನು ಬೇಡ ಅತ್ತೆ ಅಂದೆ. ಎಣ್ಣೆ, ಬೆಂಕಿಕಡ್ಡಿ ಹಚ್ಚಿದ್ರೆ ಅದು ಒದ್ದಾಡಿ ಹೊಟ್ಟೇಲಿರೋದನ್ನ ಗಾಯಕ್ಕೇ ಕಕ್ಕಬಹುದು. ಸಣ್ಣ ಚೂಪು ಮೂತಿ ಚಿಮಟದಲ್ಲಿ ಚರ್ಮಕ್ಕೆ ಅಂಟಿಸಿ ಹಿಡಿದು ತಿರುಚದೆ ನೇರ ಎಳೆದ್ರೆ ಬಂತು, ಸ್ಪಿರಿಟ್ ಬಾಟಲಿಗೆ ಹಾಕ್ದೆ, ಗಾಯ ಸೋಪಲ್ಲಿ ತೊಳೆದೆ. ಬೆರಳಲ್ಲಿ ಹಿಸುಕಿ ಒಡೆಯೋ ಅಭ್ಯಾಸ ನಮ್ಮ ಕಡೆ ಎಲ್ರಿಗೂ ಇದೆ, ಮಕ್ಕಳಂತೂ ಕಲ್ಲಲ್ಲಿ ಜಜ್ಜುತ್ತಾವೆ, ಆ ರಕ್ತದಲ್ಲೇ ರೋಗ ಇರೋದು, ಬಿಡಿಸ್ಬೇಕು ಅದನ್ನ. ನಮ್ಮ ನಾದಿನಿ ಫೋನ್ ಮಾಡಿ ಮಂಗನ ಕಾಯಿಲೆ ಬರುತ್ತೆ ಅಂತ ಅತ್ತೇನ ಹೆದರಿಸಿಬಿಟ್ಟಿದ್ಲು. ಅದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಮಲೆನಾಡಿನ ಕಾಡು ಉಣ್ಣೆಯಿಂದ ಬರೋದು, ನಮ್ಮ ಜಗಲಿ ಉಣ್ಣೆ ಅದಲ್ಲ. ಹಂಗಂತ ಇದರಿಂದ ಮನುಷ್ಯರಿಗೆ ಏನೂ ಆಗಲ್ಲ ಅಂತಿಲ್ಲ. ನಾಯಿ ಉಣ್ಣೆಯಿಂದ ಟಿಕ್ ಟೈಫಸ್ ಅನ್ನೋ ಜ್ವರ ಬರಬಹುದು, ಜ್ವರ, ತಲೆನೋವು, ಮೈಮೇಲೆ ಕೆಂಪು ಗುಳ್ಳೆ, ಅಂಗೈ ಅಂಗಾಲಲ್ಲೂ ಏಳುತ್ತೆ. ಎರಡು ವಾರದೊಳಗೆ ಜ್ವರ ಬಂದ್ರೆ ಉಣ್ಣೆ ಕಚ್ಚಿತ್ತು ಅಂತ ನೀವೇ ಬಾಯಿಬಿಟ್ಟು ಹೇಳಿ ಅಂತ ಆಸ್ಪತ್ರೆ ಡಾಕ್ಟ್ರು ಹೇಳಿದ್ರು, ಹೇಳಿದ್ರೆ ಸರಿಯಾದ ಮಾತ್ರೆ ಬೇಗ ಶುರುವಾಗುತ್ತೆ. ಕಚ್ಚಿದ ದಿನಾನ ಕ್ಯಾಲೆಂಡರಲ್ಲಿ ಬರೆದಿಟ್ವಿ, ಅತ್ತೆಗೆ ಏನೂ ಆಗ್ಲಿಲ್ಲ. ಮಗ ಮಾತ್ರ ಜಗಲೀಲಿ ಕೆಂಚನ ತಬ್ಕೊಂಡು ಮಲಗೋದನ್ನ ನಾಲ್ಕು ತಿಂಗಳು ನಿಲ್ಲಿಸಿದ್ವಿ, ಅವನಿಗೆ ಅದೇ ದೊಡ್ಡ ದುಃಖ.

ಈಗ ಸೊಪ್ಪು ಕೊಯ್ದು ಬಂದು ಕೈ ತೊಳೆಯೋಕೆ ಮುಂಚೆ ದಿನಾ ಕೆಂಚನ ಕಿವಿ, ಬೆರಳ ಸಂದಿ ತಡವಿ ನೋಡ್ತೀನಿ, ಆಮೇಲೆ ಸೋಪು ಹಾಕಿ ತೊಳೆದೇ ಹುಳದ ಮನೆ ಬಾಗಿಲು ತೆಗೆಯೋದು. ಮಾತ್ರೆ ದಿನಾಂಕ ಮೊಟ್ಟೆ ತಂದ ದಿನಾಂಕದ ಪಕ್ಕದಲ್ಲೇ ಬರೆದಿದೀನಿ. ಕೊನೇ ಉಣ್ಣೆ ಸಿಕ್ಕಿದ್ದು ದೀಪಾವಳಿಗೆ ಮುಂಚೆ, ಎಡಗಿವಿ ಒಳಗೆ, ಒಣಗಿ ಸತ್ತಿತ್ತು. ಮಗ ಮತ್ತೆ ಜಗಲೀಲಿ ಮಲಗ್ತಿದಾನೆ.