ವ್ಯಾನ್ ಮಾರಿ ಕ್ಯಾಂಟರ್ ತಗೊಂಡೆ

ಬೆಂಗಳೂರಿನ ಪೀಣ್ಯದ ಒಂದು ಫೌಂಡ್ರಿಯಿಂದ ಬೊಮ್ಮಸಂದ್ರಕ್ಕೆ ಎರಡು ಟನ್ ಚಿಲ್ಲರೆ ಕಾಸ್ಟಿಂಗ್ (ಎರಕ ಹೊಯ್ದ ಲೋಹದ ಬಿಡಿಭಾಗ) ಹೋಗಬೇಕಿತ್ತು. ನನ್ನ ಹತ್ತಿರ ಇದ್ದದ್ದು ಮಾರುತಿ ಈಕೋ ಕಾರ್ಗೋ ವ್ಯಾನ್. ಅದು ಹೊರುವುದು 500 ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾನು 700 ಹಾಕಿ ಮೂರು ಟ್ರಿಪ್ ಹೊಡೆದೆ. ತಪ್ಪು ಅಂತ ಗೊತ್ತಿತ್ತು, ಆದರೂ ಮಾಡಿದೆ. ಮೂರನೇ ಸಲ ಸಿಲ್ಕ್ ಬೋರ್ಡ್ ದಾಟುವಾಗ ರಾತ್ರಿ ಒಂಬತ್ತೂವರೆ. ಹಿಂಭಾಗ ಭಾರಕ್ಕೆ ಕುಸಿದು, ಮೂತಿ ಮೇಲೆದ್ದು, ನನ್ನ ಹೆಡ್‌ಲೈಟ್ ಎದುರಿಗೆ ಬರುವವರ ಕಣ್ಣಿಗೇ ಹೊಡೆಯುತ್ತಿತ್ತು. ಬಂದವರೆಲ್ಲ ಡಿಪ್ ಮಾಡು ಅಂತ ಲೈಟ್ ಮಿನುಗಿಸುತ್ತಿದ್ದರು. ನಾನು ಡಿಪ್‌ನಲ್ಲೇ ಇದ್ದೆ.

ಮಾರನೇ ದಿನ ಫೌಂಡ್ರಿಯ ಸ್ಟೋರ್ಸ್‌ನವರು ಹೇಳಿದರು: "ಇದೇ ಲೋಡ್ ಇನ್ಮೇಲೆ ವಾರಕ್ಕೆ ಎರಡು ಸಲ ಇರುತ್ತೆ. ಒಂದೇ ಸಲಕ್ಕೆ ಹೊತ್ಕೊಂಡು ಹೋಗೋ ಗಾಡಿ ಇದ್ರೆ ನಿಮಗೇ ಕೊಡ್ತೀವಿ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ."

ಈ ಇಡೀ ವ್ಯವಹಾರದಲ್ಲಿ ನಾನು ಸರಿಯಾಗಿ ಮಾಡಿದ್ದು ಇದೊಂದೇ ಅನ್ನಿಸುತ್ತೆ. ಗಾಡಿಗಿಂತ ಮೊದಲು ಲೋಡ್ ಕೈಯಲ್ಲಿತ್ತು. ಗಾಡಿ ತಂದ ಮೇಲೆ ಬಾಡಿಗೆ ತಾನಾಗೇ ಬರುತ್ತೆ ಅಂತ ನಂಬಿದವರ ಗಾಡಿಗಳು ಗೊರಗುಂಟೆಪಾಳ್ಯದಲ್ಲಿ ಸಾಲಾಗಿ ನಿಂತಿರುವುದನ್ನು ದಿನಾ ನೋಡುತ್ತೇನೆ.

2025ರ ಜನವರಿಯಲ್ಲಿ ಹುಡುಕಲು ಶುರು ಮಾಡಿದೆ. ಲೋಡ್ ಹಾಕೋ ಬಾಡಿ 17 ಅಡಿ, 19 ಅಡಿ ಉದ್ದ ಇರೋ ಗಾಡಿ ತೋರಿಸಿದರು. ಆಸೆಯೂ ಆಯಿತು. ಕೊನೆಗೆ ತಗೊಂಡಿದ್ದು 14 ಅಡಿಯ ಐಷರ್, 2019ರ ಮಾಡೆಲ್, ಓಪನ್ ಬಾಡಿ. ನಮ್ಮ ಕಡೆ ಈ ಸೈಜಿನ ಗಾಡಿಗೆಲ್ಲ ಕ್ಯಾಂಟರ್ ಅಂತಲೇ ಹೆಸರು. ಐಷರ್‌ನವರು 80ರ ದಶಕದಲ್ಲಿ ಮಿತ್ಸುಬಿಷಿ ಜೊತೆ ಸೇರಿ ಮಾಡಿದ ಗಾಡಿಯ ಹೆಸರು ಅದು. ಗಾಡಿ ಬದಲಾದರೂ ಹೆಸರು ನಿಂತಿದೆ.

14 ಅಡಿಯಲ್ಲೇ ನಿಂತಿದ್ದಕ್ಕೆ ಕಾರಣ ಇದೆ. ಗಾಡಿ, ಲೋಡು ಎರಡೂ ಸೇರಿ 7,500 ಕೆಜಿ ದಾಟದಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಲಘು ವಾಹನ. ಅದಕ್ಕೇ ಎಷ್ಟೋ ಗಾಡಿಗಳ ಆರ್‌ಸಿಯಲ್ಲಿ 7,490 ಅಂತ, ಹತ್ತು ಕೆಜಿ ಕಮ್ಮಿ ಬರೆದಿರುತ್ತೆ. ನನ್ನದರಲ್ಲೂ ಹಾಗೇ ಇದೆ. ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಇದ್ದವರು ಇಂಥ ಸರಕು ಗಾಡಿ ಓಡಿಸಬಹುದಾ ಅನ್ನೋದು ವರ್ಷಗಟ್ಟಲೆ ಕೋರ್ಟಿನಲ್ಲಿತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಓಡಿಸಬಹುದು ಅಂತ ತೀರ್ಪು ಕೊಟ್ಟಿತು. ಇನ್ನೊಂದು ವಿಷಯ ಇನ್ಶೂರೆನ್ಸ್. 2022ರ ದರಪಟ್ಟಿಯಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ 7,500 ಕೆಜಿವರೆಗೆ 16,049 ರೂಪಾಯಿ. ಅದು ದಾಟಿ 12,000 ಕೆಜಿವರೆಗೆ ಹೋದರೆ 27,186. ಅಂದರೆ ವ್ಯಾನಿಗೂ ಈ ಕ್ಯಾಂಟರಿಗೂ ಒಂದೇ ಸ್ಲ್ಯಾಬ್.

ಹಣದ ಕಥೆ ಬೇಗ ಹೇಳಿಬಿಡುತ್ತೇನೆ. ಗಾಡಿ 9.2 ಲಕ್ಷಕ್ಕೆ ಮುಗಿಯಿತು. ವ್ಯಾನ್ ಮಾರಿ 2.1 ಲಕ್ಷ ಬಂತು, ಮನೆಯವಳ ಚೀಟಿ ಒಂದೂವರೆ ಲಕ್ಷ ಇತ್ತು. 7 ಲಕ್ಷ ಸಾಲ, ಶೇ 14 ಬಡ್ಡಿ, ಮೂರು ವರ್ಷ, ತಿಂಗಳಿಗೆ 23,900 ಕಂತು. ಉಳಿದದ್ದು ಟೈರು, ಪೇಪರ್ ವರ್ಗಾವಣೆಗೆ ಹೋಯಿತು.

ತಗೊಳ್ಳೋ ಮೊದಲು ಒಂದು ಕೆಲಸ ಮಾಡಿಸಿದ್ದು ನಮ್ಮ ಏರಿಯಾದ ಹಿರಿಯ ಡ್ರೈವರ್. ಲಗ್ಗೆರೆಯಲ್ಲಿ ಎಲ್ಲರೂ ಅವರನ್ನು ಮಾಮ ಅಂತಾರೆ, ನಾನೂ ಅಷ್ಟೇ. ಎಂಜಿನ್ ಸೌಂಡ್ ಕೇಳಿ, ಎಣ್ಣೆ ಸೋರಿಕೆ ನೋಡಿ, ಇನ್ನೇನು ಅಡ್ವಾನ್ಸ್ ಕೊಡಬೇಕು ಅನ್ನುವಾಗ, "ಮೊದ್ಲು ಖಾಲಿ ಗಾಡಿನ ವೇ ಬ್ರಿಡ್ಜ್ ಮೇಲೆ ನಿಲ್ಸು" ಅಂದರು. ಇಡೀ ಗಾಡಿ ನಿಲ್ಲಿಸಿ ತೂಗೋ ಜಾಗ ಅದು, ಹತ್ತು ನಿಮಿಷದ ಕೆಲಸ. ಆರ್‌ಸಿಯಲ್ಲಿ ಖಾಲಿ ತೂಕ 3,480 ಅಂತಿತ್ತು. ತೂಕದ ಚೀಟಿಯಲ್ಲಿ ಬಂದದ್ದು 3,740. ಹಳೇ ಮಾಲೀಕರು ಮರದ ಹಲಗೆಯ ಮೇಲೆ ದಪ್ಪ ಕಬ್ಬಿಣದ ತಗಡು ಹೊಡೆಸಿದ್ದರು, ಪಕ್ಕದ ಬಾಗಿಲುಗಳಿಗೂ ಆಂಗಲ್ ಹಾಕಿಸಿದ್ದರು. ನೋಡಲು ಗಟ್ಟಿಮುಟ್ಟು. ಆದರೆ 260 ಕೆಜಿ ನನ್ನ ಲೋಡಿನಿಂದ ಕಳೆದಂತೆ. ಆ ಚೀಟಿ ತೋರಿಸಿದ ಮೇಲೆ ರೇಟಿನಲ್ಲಿ 25,000 ಇಳಿಯಿತು. ಈಗ ನಾನು ಹಾಕಬಹುದಾದದ್ದು 3,750 ಕೆಜಿ. ಅದಕ್ಕಿಂತ ಹಾಕಲ್ಲ. 2019ರ ತಿದ್ದುಪಡಿ ಆದಮೇಲೆ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ವ್ಯಾನಿನ ಕಾಲದ ಚಾಳಿ ಅಲ್ಲಿಗೇ ಬಿಟ್ಟೆ.

ಓಡಿಸೋದು ಕಷ್ಟ ಆಗಲ್ಲ ಅಂದುಕೊಂಡಿದ್ದೆ. ಒಂಬತ್ತು ವರ್ಷ ಚಿಕ್ಕಪೇಟೆ, ಅವೆನ್ಯೂ ರೋಡಿನ ಸಂದಿಯಲ್ಲಿ ವ್ಯಾನ್ ನುಗ್ಗಿಸಿದವನು ನಾನು. ಒಂದು ಭಾನುವಾರ ಮಾಮ ಖಾಲಿ ಸೈಟಿಗೆ ಕರೆದುಕೊಂಡು ಹೋಗಿ, ಎರಡು ಸಾಲು ಇಟ್ಟಿಗೆ ಜೋಡಿಸಿ, ಎಡಕ್ಕೆ ತಿರುಗಿಸು ಅಂದರು. ತಿರುಗಿಸಿದೆ. ನಾಲ್ಕು ಇಟ್ಟಿಗೆ ಪುಡಿ.

"ನೀನು ರಸ್ತೆ ನೋಡ್ತಿದ್ದೀಯ ಕಣಪ್ಪ. ಕನ್ನಡಿ ನೋಡು."

ವ್ಯಾನಿನಲ್ಲಿ ಮೂತಿ ಹೋದರೆ ಬಾಲವೂ ಬರುತ್ತೆ. ಕ್ಯಾಂಟರಿನಲ್ಲಿ ಹಾಗಲ್ಲ. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತೆ. ನೀವು ಕೂತಿರೋದು ಮುಂದಿನ ಆಕ್ಸಲ್ ಮೇಲೇ. ಹಾಗಾಗಿ ತಿರುವಿನಲ್ಲಿ ನಿಮ್ಮ ಸೀಟು ಮೂಲೆ ದಾಟಿ ಹೋಗೋವರೆಗೆ ಸ್ಟೇರಿಂಗ್ ಎಳೆಯಬಾರದು. ಎದುರಿನ ಕಾಂಪೌಂಡಿಗೆ ಗುದ್ದೇಬಿಡ್ತೀನಿ ಅನ್ನಿಸುತ್ತೆ. ಆ ಭಯ ತಡಕೊಂಡು, ಎಡಗನ್ನಡಿಯಲ್ಲಿ ಹಿಂದಿನ ಚಕ್ರ ಮೂಲೆ ಮುಟ್ಟೋದನ್ನು ನೋಡಿ, ಆಮೇಲೆ ಎಳೆಯಬೇಕು. ಬೆಂಗಳೂರಿನಲ್ಲಿ ಆ ಎಡಗಡೆ ಸಂದಿಗೆ ಯಾವಾಗಲೂ ಒಂದು ಸ್ಕೂಟರ್ ತೂರಿಕೊಂಡಿರುತ್ತೆ ಅನ್ನೋದು ಬೇರೆ ಮಾತು.

ಬ್ರೇಕೂ ಹೊಸದು. ನನ್ನ ಗಾಡಿಯಲ್ಲಿರೋದು ಏರ್ ಬ್ರೇಕ್. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊರಡೋ ಹಾಗಿಲ್ಲ, ಗಾಳಿ ತುಂಬಿ ಮೀಟರಿನ ಮುಳ್ಳು ಮೇಲೇರೋವರೆಗೆ ಕಾಯಬೇಕು. ಗಾಳಿ ಟ್ಯಾಂಕಿನಲ್ಲಿ ಸೇರಿದ ನೀರನ್ನೂ ಹೊರಗೆ ಬಿಡಬೇಕು. ಮೊದಲ ವಾರ ವ್ಯಾನಿನ ಥರ ಪೆಡಲ್ ತುಳಿದು, ಹಿಂದೆ ಇದ್ದ ಬಾಕ್ಸ್‌ಗಳು ಕ್ಯಾಬಿನ್ನಿಗೆ ಬಂದು ಗುದ್ದಿದ್ದವು. ಹಗ್ಗ ಬಿಗಿಯಾಗಿ ಕಟ್ಟೋದನ್ನು ಕಲಿತದ್ದು ಆವತ್ತೇ.

ಇಷ್ಟೆಲ್ಲ ಕಲಿತ ಮೇಲೂ ಕಾಟನ್‌ಪೇಟೆಯಲ್ಲಿ ಮಾನ ಹೋಯಿತು. ಒಂದು ಅಡ್ಡರಸ್ತೆಗೆ ಎಡಕ್ಕೆ ತಿರುಗಿದೆ. ಕನ್ನಡಿ ನೋಡಿದೆ, ಚಕ್ರಕ್ಕೂ ಗೋಡೆಗೂ ಮಧ್ಯೆ ಒಂದು ಅಡಿ ಜಾಗ ಇತ್ತು. ಚಕ್ರದ ಕೆಳಗೆ ಏನಿದೆ ಅಂತ ನೋಡಲಿಲ್ಲ. ಚರಂಡಿ ಮುಚ್ಚಿದ ಚಪ್ಪಡಿ ಕಲ್ಲು. ವ್ಯಾನಿನಲ್ಲಿ ಅಂಥ ಎಷ್ಟೋ ಕಲ್ಲು ಹತ್ತಿ ಇಳಿದಿದ್ದೆ. ಇಲ್ಲಿ ಮೂರು ಟನ್ ಲೋಡಿತ್ತು. ಪಟಾರ್ ಅಂತು, ಗಾಡಿ ಎಡಕ್ಕೆ ವಾಲಿತು. ಹಿಂದಿನ ಜೋಡಿ ಚಕ್ರ ಆಕ್ಸಲ್‌ವರೆಗೂ ಒಳಗೆ. ಅರ್ಧ ಲೋಡ್ ಇಳಿಸಿ, ಪಕ್ಕದ ಗೋಡೌನಿನಿಂದ ಮರದ ದಿಮ್ಮಿ ತಂದು, ಜಾಕ್ ಕೊಟ್ಟು ಎತ್ತೋದಕ್ಕೆ ಮೂರು ಗಂಟೆ ಆಯಿತು. ಹಮಾಲಿ, ಹೊಸ ಕಲ್ಲು ಸೇರಿ 4,800 ಹೋಯಿತು. ಈಗ ಗೊತ್ತಿಲ್ಲದ ರಸ್ತೆ ಅಂದರೆ ಇಳಿದು ನಡೆದು ನೋಡಿಕೊಂಡು ಬರುತ್ತೇನೆ. ಚಪ್ಪಡಿ, ತಲೆ ಮೇಲಿನ ಕೇಬಲ್, ಮರದ ಕೊಂಬೆ, ರೈಲ್ವೆ ಅಂಡರ್‌ಬ್ರಿಡ್ಜ್ ಮುಂದಿನ ಕಬ್ಬಿಣದ ಕಂಬಿ ಎಲ್ಲ. ಟಾರ್ಪಾಲ್ ಕಟ್ಟಿದ ಮೇಲೆ ಗಾಡಿ ಎಷ್ಟು ಎತ್ತರ ಅನ್ನೋದನ್ನು ಟೇಪ್ ಹಿಡಿದು ಅಳೆದು ಕ್ಯಾಬಿನ್ನಿನಲ್ಲಿ ಬರೆದಿಟ್ಟಿದ್ದೇನೆ.

ರಾತ್ರಿ ಎಲ್ಲಿ ನಿಲ್ಲಿಸೋದು ಅಂತ ತಗೊಳ್ಳೋ ಮೊದಲು ಯೋಚಿಸಿರಲಿಲ್ಲ. ನಮ್ಮ ಗಲ್ಲಿಗೆ ಗಾಡಿ ಬರೋದೇ ಇಲ್ಲ. ತಿಂಗಳಿಗೆ 2,500 ಕೊಟ್ಟು ಒಂದು ಸೈಟಿನಲ್ಲಿ ನಿಲ್ಲಿಸುತ್ತೇನೆ, ಡೀಸೆಲ್ ಟ್ಯಾಂಕಿಗೆ ಬೀಗ.

ಮೊದಲ ತಿಂಗಳ ಲೆಕ್ಕ ನೋಡಿ. ಬಾಡಿಗೆ ಬಂದದ್ದು 84,000. ಡೀಸೆಲ್ 30,000, ಕಂತು 23,900, ಪಾರ್ಕಿಂಗ್ 2,500. ಟೋಲ್, ಬ್ರೋಕರ್ ಕಮಿಷನ್, ಪಂಚರ್, ಊಟ ಎಲ್ಲ ಸೇರಿ 9,500. ಉಳಿದದ್ದು 18,100. ವ್ಯಾನಿನಲ್ಲಿ 28,000 ಉಳಿಯುತ್ತಿತ್ತು. ಮನೆಯವಳು ಡೈರಿ ನೋಡಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ನೋವಾಯಿತು.

ಎಲ್ಲಿ ತಪ್ಪಿತು ಅಂತ ದಿನ ದಿನ ಎಣಿಸಿದೆ. ಗಾಡಿ 22 ದಿನ ಕೆಲಸದಲ್ಲಿತ್ತು, ಅದರಲ್ಲಿ ಚಕ್ರ ಉರುಳಿದ್ದು 13 ದಿನ. ಉಳಿದ 9 ದಿನ ಕಾದದ್ದು. ವ್ಯಾನಿನ ಕೆಲಸ ಅಂದರೆ ಅವಸರ. ಅರ್ಧ ಗಂಟೆಯಲ್ಲಿ ಇಳಿಸಿ ಮುಂದಿನದಕ್ಕೆ ಓಡಬೇಕು. ಕ್ಯಾಂಟರ್ ಕೆಲಸ ಅಂದರೆ ಕಾಯೋದು. ಪೀಕ್ ಟೈಮಿನಲ್ಲಿ ಎಷ್ಟೋ ರಸ್ತೆಗಳಲ್ಲಿ ಸರಕು ಗಾಡಿಗೆ ನೋ ಎಂಟ್ರಿ, ಊರ ಹೊರಗೇ ಕಾಯಬೇಕು. ಗೇಟ್ ಪಾಸಿಗೆ ಕಾಯಬೇಕು. ಹೊಸಕೋಟೆ ಕಡೆಯ ಒಂದು ಗೋಡೌನಿನಲ್ಲಿ ಇಳಿಸೋಕೆ ಜಾಗ ಇಲ್ಲ ಅಂತ ಎರಡು ದಿನ ನಿಲ್ಲಿಸಿದರು. ಕಾದ ದಿನಕ್ಕೆ ಹಾಲ್ಟಿಂಗ್ ದುಡ್ಡು ಕೇಳಿದರೆ, ಎಲ್‌ಆರ್‌ನಲ್ಲಿ (ಲೋಡಿನ ಲಾರಿ ರಸೀದಿಯಲ್ಲಿ) ಬರೆದಿಲ್ಲವಲ್ಲ ಅಂದರು. ನಿಜ, ಬರೆಸಿರಲಿಲ್ಲ. ಈಗ ಲೋಡ್ ಆಗೋ ಮೊದಲೇ ಬರೆಸುತ್ತೇನೆ: ಗಾಡಿ ಮುಟ್ಟಿದ ಮೇಲೆ ಆರು ಗಂಟೆ ಹೊತ್ತು ಫ್ರೀ, ಆಮೇಲೆ ದಿನಕ್ಕೆ ಇಷ್ಟು. ಮುಟ್ಟಿದ ಟೈಮಿಗೆ ಗೇಟಿನಲ್ಲಿ ಸೀಲ್ ಹಾಕಿಸಿ ಫೋಟೋ ತೆಗೆದು ಪಾರ್ಟಿಗೆ ವಾಟ್ಸ್‌ಆಪ್ ಮಾಡುತ್ತೇನೆ. ಇಷ್ಟು ಮಾಡಿದ್ದಕ್ಕೇ ಕಾಯೋ ದಿನ ನಾಲ್ಕಕ್ಕೆ ಇಳಿಯಿತು.

ಪರ್ಮಿಟ್ ವಿಷಯದಲ್ಲೂ ಎಡವಿದೆ. ಒಟ್ಟು ತೂಕ 3,000 ಕೆಜಿ ಒಳಗಿನ ಸರಕು ಗಾಡಿಗೆ ಪರ್ಮಿಟ್ಟೇ ಬೇಡ. ಹಾಗಾಗಿ ವ್ಯಾನ್ ಇದ್ದಾಗ ಆ ಪದವೇ ನನ್ನ ಬಾಯಲ್ಲಿ ಬಂದಿರಲಿಲ್ಲ. ಕ್ಯಾಂಟರಿಗೆ ಕರ್ನಾಟಕದ ಪರ್ಮಿಟ್ ಮಾತ್ರ ಮಾಡಿಸಿದೆ. ಮೂರು ತಿಂಗಳಾದ ಮೇಲೆ ಫೌಂಡ್ರಿಯವರು ಬೊಮ್ಮಸಂದ್ರ ಬಿಟ್ಟು ಹೊಸೂರಿಗೆ ಕಳಿಸಲು ಶುರು ಮಾಡಿದರು. ಅತ್ತಿಬೆಲೆ ದಾಟಿದರೆ ತಮಿಳುನಾಡು. ಎರಡು ವಾರ ಆ ಲೋಡ್ ಬೇರೆ ಗಾಡಿಗೆ ಹೋಗೋದನ್ನು ನೋಡುತ್ತಾ ನಿಂತಿದ್ದೆ. ಆಮೇಲೆ ವರ್ಷಕ್ಕೆ 16,500 ಕಟ್ಟಿ ನ್ಯಾಷನಲ್ ಪರ್ಮಿಟ್ ಮಾಡಿಸಿದೆ.

ಈಗ ಹೊಸೂರಿಗೆ ವಾರಕ್ಕೆ ಮೂರು ಟ್ರಿಪ್. ಕೈಗೆ 35,000 ಹತ್ತಿರ ಉಳಿಯುತ್ತೆ. ಅದರಲ್ಲಿ 6,000 ಟೈರು, ಇನ್ಶೂರೆನ್ಸ್, ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಅಂತ ಬೇರೆ ಖಾತೆಗೆ ಹಾಕುತ್ತೇನೆ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು, ಅದಕ್ಕೆ ಜಾಸ್ತಿ ದಿನ ಇಲ್ಲ. ಮೂರು ಟ್ರಿಪ್ಪಿನಲ್ಲಿ ಎರಡಕ್ಕೆ ರಿಟರ್ನ್ ಲೋಡ್ ಖಾಯಂ ಆಗಿದೆ. ಬುಧವಾರದ್ದು ಮಾತ್ರ ಇನ್ನೂ ಖಾಲಿ ಬರುತ್ತಿದೆ. ಹೊಸೂರು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆಯಿಂದ ಬುಧವಾರ ಮಧ್ಯಾಹ್ನ ಬೆಂಗಳೂರಿಗೆ ಲೋಡ್ ಇದ್ದವರು ಯಾರಾದರೂ ಗೊತ್ತಿದ್ದರೆ ಹೇಳಿ. ಮೂರೂಮುಕ್ಕಾಲು ಟನ್ ಒಳಗೆ ಇರಲಿ.