ಹಿಮಗಾಳಿ ನಿಂತ ಮರುದಿನ ನಾನು ದಾರಿ ಆರಿಸಿದ ರೀತಿ

ವಸಂತದಲ್ಲಿ ಹಿಮಗಾಳಿ ಬೀಸಿ ನಿಂತ ಮರುದಿನ ಬೆಟ್ಟ ತುಂಬಾ ಆಸೆ ಹುಟ್ಟಿಸುತ್ತದೆ. ನೀಲಿ ಆಕಾಶ, ಮೊಣಕಾಲುದ್ದ ಹೊಸ ಹಿಮ, ಎಲ್ಲೂ ಒಂದು ಹೆಜ್ಜೆ ಗುರುತಿಲ್ಲ. ಆದರೆ ಹಿಮಕುಸಿತದ ಅಪಾಯ ಜಾಸ್ತಿ ಇರುವುದೂ ಬಿರುಗಾಳಿಯ ಹೊತ್ತಿನಲ್ಲಿ ಮತ್ತು ಆಮೇಲಿನ ಒಂದೆರಡು ದಿನಗಳಲ್ಲಿ. ಕಳೆದ ವಸಂತದಲ್ಲಿ ಇಂಥದ್ದೇ ದಿನ ನಾವು ಮೂವರು ಸ್ಕೀ ಹಾಕಿಕೊಂಡು ಹೊರಟಿದ್ದೆವು. ಆ ದಿನ ಏನೇನು ನೋಡಿದೆ, ಯಾವುದಕ್ಕೆ ಬೇಡ ಅಂದೆ ಎಂದು ಬರೆಯುತ್ತೇನೆ.

ಮುಖ್ಯ ನಿರ್ಧಾರ ಹಿಂದಿನ ರಾತ್ರಿಯೇ ಆಗಿತ್ತು. ಹಿಮಕುಸಿತದ ಮುನ್ಸೂಚನೆ ಐದು ಹಂತಗಳಲ್ಲಿ 3 ಎಂದಿತ್ತು. ನಡುವಿನದು ಅಲ್ವಾ ಎಂದು ಅದನ್ನು ಹಗುರವಾಗಿ ತೆಗೆದುಕೊಳ್ಳುವವರು ಬಹಳ. ಹೆಚ್ಚು ಸಾವುಗಳು ಆಗುವುದೇ ಈ ಹಂತದ ದಿನಗಳಲ್ಲಿ. 4, 5 ಇದ್ದರೆ ಜನ ಹೆದರಿ ಹೊರಗೆ ಹೋಗುವುದಿಲ್ಲ.

ನಕ್ಷೆ ಹರಡಿಕೊಂಡು ಇಳಿಜಾರಿನ ಕೋನ ನೋಡಿದೆ. ಪದರವಾಗಿ ಕಿತ್ತು ಬರುವ ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹುಟ್ಟುತ್ತದೆ. ಹಾಗಾಗಿ ನಮ್ಮ ದಾರಿಯನ್ನು ಪೂರ್ತಿ 30ಕ್ಕಿಂತ ಕೆಳಗೆ ಇಟ್ಟೆ. ಅಷ್ಟೇ ಸಾಲದು. ತಲೆಯ ಮೇಲೆ ಏನಿದೆ ಎಂದೂ ನೋಡಬೇಕು. ಮೇಲೆ ಕಡಿದಾದ ಇಳಿಜಾರಿದ್ದರೆ, ಕೆಳಗೆ ಸಮತಟ್ಟಿನಲ್ಲಿ ನಡೆಯುವವರ ಮೇಲೂ ಹಿಮ ಬಂದು ಬೀಳುತ್ತದೆ. ಕಣಿವೆಯ ತಳದ ಸುಲಭ ದಾರಿಯನ್ನು ನಾನು ಬಿಟ್ಟಿದ್ದು ಇದಕ್ಕೇ.

ಬೆಳಗ್ಗೆ ಹೊರಡುವ ಮುಂಚೆ, ಹಿಮದಡಿ ಹೂತವರನ್ನು ರೇಡಿಯೋ ಸಂಕೇತದಿಂದ ಹುಡುಕಲು ಬಳಸುವ ಮೂವರ ಟ್ರಾನ್ಸೀವರ್‌ಗಳನ್ನೂ ಪರೀಕ್ಷಿಸಿದೆವು. ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಚೀಲದಲ್ಲೂ ಇತ್ತು. ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು ನಿಮಿಷ ಕಳೆದ ಮೇಲೆ ಬೇಗ ಬೇಗ ಇಳಿಯುತ್ತದೆ. ಅಷ್ಟರೊಳಗೆ ಅಗೆದು ತೆಗೆಯಬಲ್ಲವರು ಜೊತೆಗಿದ್ದವರು ಮಾತ್ರ.

ಮೇಲೇರುತ್ತಾ ಒಂದು ಚಿಕ್ಕ, ಕೆಳಗೆ ಬಯಲಿರುವ ದಿಬ್ಬದಲ್ಲಿ ಹಿಮ ಅಗೆದು ನೋಡಿದೆ. ಸುಮಾರು 40 ಸೆಂಟಿಮೀಟರ್ ಹೊಸ ಹಿಮ. ಅದರಡಿ ಹಳೆಯ ಹಿಮ ಬಿಸಿಲಿಗೆ ಕರಗಿ, ಮತ್ತೆ ಹೆಪ್ಪುಗಟ್ಟಿ ನುಣುಪಾಗಿತ್ತು. ಪದರ ಎಷ್ಟು ಸುಲಭವಾಗಿ ಜಾರುತ್ತದೆ ಎಂದು ನೋಡಲು 30 ಸೆಂಟಿಮೀಟರ್ ಅಗಲ, ಅಷ್ಟೇ ದಪ್ಪದ ಹಿಮದ ಕಂಬ ಕತ್ತರಿಸಿ ಮೇಲೆ ಸಲಿಕೆ ಇಟ್ಟು ತಟ್ಟಿದೆ. ಮಣಿಕಟ್ಟಿನಿಂದ ಹತ್ತು ಏಟಿಗೆ ಏನೂ ಆಗಲಿಲ್ಲ. ಮೊಣಕೈಯಿಂದ ತಟ್ಟಲು ಶುರು ಮಾಡಿದ ಕೂಡಲೇ ಹೊಸ ಹಿಮ ಇಡಿಯಾಗಿ ಆ ಗಟ್ಟಿ ಪದರದ ಮೇಲಿಂದ ಜಾರಿತು. ಸ್ವಲ್ಪ ಮುಂದೆ ಸ್ಕೀ ತುದಿಯಿಂದ ಹಿಮದಲ್ಲಿ ಬಿರುಕೊಂದು ಸರ್ರನೆ ಓಡಿತು. ನನ್ನ ಮಟ್ಟಿಗೆ ಕಂಬದ ಪರೀಕ್ಷೆಗಿಂತ ಈ ಬಿರುಕಿನ ಮಾತೇ ದೊಡ್ಡದು. ಪರೀಕ್ಷೆ ಚೆನ್ನಾಗಿ ಬಂದರೆ ಅದು ಆ ಒಂದು ಜಾಗದ ವಿಷಯ, ಪಕ್ಕದ ಇಳಿಜಾರಿಗೆ ಅನುಮತಿ ಅಲ್ಲ.

"ಆ ಉತ್ತರದ ಇಳಿಜಾರು ನೆರಳಲ್ಲಿದೆಯಲ್ಲ, ಹಿಮ ತಣ್ಣಗಿರುತ್ತೆ, ಹೋಗೋಣ್ವಾ?" ಎಂದ ಗೆಳೆಯ.

"ಅದು ಗಾಳಿಮರೆ ಕಣೋ. ರಾತ್ರಿಯೆಲ್ಲ ಗಾಳಿ ಆಚೆಯಿಂದ ಹಿಮ ತಂದು ಅಲ್ಲೇ ಸುರಿದಿದೆ. ಇವತ್ತು ಬೇಡ" ಎಂದೆ.

ಬೆಟ್ಟದ ಏಣಿನ ಅಂಚಿನಲ್ಲಿ ಹೊಸ ಕಾರ್ನಿಸ್, ಅಂದರೆ ಗಾಳಿ ಕಟ್ಟಿದ ಹಿಮದ ಸೂರು, ಹೊರಗೆ ಚಾಚಿ ನಿಂತಿತ್ತು. ಗಾಳಿ ಯಾವ ಕಡೆ ಬೀಸಿದೆ ಎಂದು ಅದೇ ತೋರಿಸುತ್ತಿತ್ತು. ಅವನು ಒಪ್ಪಿದ. ಒಬ್ಬರು ಬೇಡ ಅಂದರೂ ಎಲ್ಲರಿಗೂ ಬೇಡ ಎಂದು ಮೊದಲೇ ಮಾತಾಗಿತ್ತು.

ಚಳಿಗಾಲದ ಬಿರುಗಾಳಿಗಿಂತ ವಸಂತದ್ದು ಕಷ್ಟ ಯಾಕೆಂದರೆ ಇಲ್ಲಿ ಅಪಾಯ ಎರಡು. ನೆರಳಿನ ಕಡೆ ಒಣ ಪದರ ಕಿತ್ತು ಬರುವ ಭಯ. ಬಿಸಿಲಿನ ಕಡೆ ಹೊಸ ಹಿಮ ಒದ್ದೆಯಾಗಿ ಜಾರುವ ಭಯ. ಬಿಸಿಲು ಮೊದಲು ಪೂರ್ವಕ್ಕೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ ಬೀಳುತ್ತದೆ. ಅಪಾಯವೂ ಅದೇ ಕ್ರಮದಲ್ಲಿ ಸುತ್ತುತ್ತದೆ. ರಾತ್ರಿ ಮೋಡವಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಆಗ ಬೆಳಗಿನ ಸುರಕ್ಷಿತ ಹೊತ್ತೂ ಕಡಿಮೆ.

ನಾವು ಮರಗಳ ನಡುವಿನ ಇಳಿಜಾರಿನಲ್ಲಿ, ಅಂತರ ಬಿಟ್ಟು ಇಳಿದೆವು. ಹತ್ತು ಗಂಟೆಯ ಹೊತ್ತಿಗೆ ಬಂಡೆಗಳ ಕೆಳಗಿನಿಂದ ಹಿಮದ ಉಂಡೆಗಳು ತಾವಾಗಿ ಉರುಳಲು ಶುರುವಾದವು. ಇನ್ನೊಂದು ಸುತ್ತು ಹತ್ತಲು ಸಮಯವಿತ್ತು, ಮನಸ್ಸೂ ಇತ್ತು. ಆ ಉಂಡೆಗಳನ್ನು ನೋಡಿದ ಮೇಲೆ ಹತ್ತಲಿಲ್ಲ. ಮಧ್ಯಾಹ್ನ ಕೆಳಗಿನಿಂದ ದುರ್ಬೀನಿನಲ್ಲಿ ನೋಡಿದಾಗ ಪೂರ್ವದ ಇಳಿಜಾರಿನಲ್ಲಿ ಒದ್ದೆ ಹಿಮ ಜಾರಿದ ಎರಡು ಉದ್ದನೆಯ ಗುರುತುಗಳಿದ್ದವು. ಎಲ್ಲಿ, ಯಾವ ದಿಕ್ಕು, ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು ಮುನ್ಸೂಚನೆ ಕೊಡುವವರಿಗೆ ಕಳಿಸಿದೆ.